ರೆಕ್ಕೆಯಿಲ್ಲದ ಹಕ್ಕಿಯ ಹಾರಾಟ

ಸಂಸ್ಕೃತದಲ್ಲಿ ‘ಪಕ್ಷ’ವೆಂಬ ಶಬ್ದಕ್ಕೆ ರೆಕ್ಕೆಯೆಂದೂ ಅರ್ಥವುಂಟು, ಪಕ್ಷಗಳುಳ್ಳದ್ದೇ ಪಕ್ಷಿ. ಹಾಗಾದರೆ ದೊಡ್ಡ ಪಕ್ಷಗಳನ್ನು ಧಿಕ್ಕರಿಸಿ ಚುನಾವಣೆಗೆ ನಿಲ್ಲುವ ಉಮೇದುವಾರನು ರೆಕ್ಕೆಯಿಲ್ಲದೆ ಹಾರಹೊರಟ ಹಕ್ಕಿಯೆನ್ನಬೇಕು. ಅಂಥ ಹಕ್ಕಿಯು ಹಾರಬಲ್ಲುದೇ ಎಂದು ಕೇಳಿದರೆ, ಹಲಕುಂದಿಯವರಾದ ನಾವು ಹಾರಬಲ್ಲುದೆಂದೇ ಹೇಳುವೆವು. ಬಳ್ಳಾರಿಯ ಸೀಮೆಯಲ್ಲಿ ಅದನ್ನು ಕಂಡವರು ನಾವು. ಆದರೆ ಹಾರಿದ ಹಕ್ಕಿ ಎಲ್ಲಿ ಹೋಗಿ ಕುಳಿತಿತೆಂಬುದೇ ವಾಚಕರು ವಿಚಾರಿಸತಕ್ಕ ವಿಷಯ.

2008ರಲ್ಲಿ ಭಾರತೀಯ ಜನತಾ ಪಕ್ಷವು ರಾಜ್ಯದ ಅಧಿಕಾರಸೂತ್ರವನ್ನು ಹಿಡಿದಾಗ ನಮ್ಮ ಜಿಲ್ಲೆಯ ಶ್ರೀ ಬಿ. ಶ್ರೀರಾಮುಲು ಅವರೂ ಶ್ರೀ ಜಿ. ಜನಾರ್ದನ ರೆಡ್ಡಿಯವರೂ ಮಂತ್ರಿಗಳಾದರು. 2011ರಲ್ಲಿ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿಯು ಹೊರಬಂದು ಮುಖ್ಯಮಂತ್ರಿಗಳು ಬದಲಾದರು. ಹೊಸ ಮಂತ್ರಿಮಂಡಲದಲ್ಲಿ ಇವರಿಗೆ ಸ್ಥಾನ ದೊರೆಯಲಿಲ್ಲ. ಶ್ರೀರಾಮುಲು ಅವರು ಶಾಸಕತ್ವಕ್ಕೆ ರಾಜೀನಾಮೆಯಿತ್ತರು. ಆ ವರ್ಷದ ನವೆಂಬರ್ 30ರಂದು ಬಳ್ಳಾರಿ ಗ್ರಾಮೀಣ ಕ್ಷೇತ್ರದ ಉಪಚುನಾವಣೆ ನಡೆಯಿತು. ಅವರು ಪಕ್ಷೇತರರಾಗಿ ನಿಂತು 46 ಸಾವಿರಕ್ಕೂ ಮಿಕ್ಕ ಮತಗಳ ಅಂತರದಿಂದ ಗೆದ್ದರು. ಆಳುವ ಪಕ್ಷದ ಉಮೇದುವಾರರು ಠೇವಣಿಯನ್ನೇ ಕಳೆದುಕೊಂಡರು. ಬಳಿಕ ಅವರು ಕಟ್ಟಿದ ಬಿ.ಎಸ್.ಆರ್. ಕಾಂಗ್ರೆಸ್ಸಿಗೆ 2013ರಲ್ಲಿ 4 ಸ್ಥಾನಗಳು ದೊರೆತವು. 2014ರಲ್ಲಿ ಅವರು ಹಳೆಯ ಪಕ್ಷಕ್ಕೆ ಮರಳಿ, ಅದರಿಂದಲೇ ಲೋಕಸಭೆಗೆ ಆರಿಸಿ ಹೋದರು.

ಎರಡನೆಯ ಹಕ್ಕಿಯ ಕಥೆಯು ಮನೆಯೊಳಗಿನದು. 2022ರ ಡಿಸೆಂಬರ್ 25ರಂದು ಜನಾರ್ದನ ರೆಡ್ಡಿಯವರು, ಕಷ್ಟಕಾಲದಲ್ಲಿ ತಮ್ಮವರೇ ಕೈಬಿಟ್ಟರೆಂದು ಬಹಿರಂಗವಾಗಿ ನುಡಿದು, ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು ಸ್ಥಾಪಿಸಿದರು. ಜಾಮೀನಿನ ನಿಬಂಧನೆಯ ದೆಸೆಯಿಂದ ಬಳ್ಳಾರಿಯಲ್ಲಿ ನೆಲಸಲಾಗದ ಅವರು 2023ರಲ್ಲಿ ಗಂಗಾವತಿಯಿಂದ ನಿಂತು 8,266 ಮತಗಳ ಅಂತರದಿಂದ ಗೆದ್ದರು. ಬಳ್ಳಾರಿ ನಗರದಲ್ಲಿ ಅವರ ಪತ್ನಿ ಶ್ರೀಮತಿ ಲಕ್ಷ್ಮೀ ಅರುಣಾ ಅವರು ಹೊಸ ಪಕ್ಷದಿಂದಲೂ, ಅಣ್ಣ ಶ್ರೀ ಸೋಮಶೇಖರ ರೆಡ್ಡಿಯವರು ಹಳೆಯ ಪಕ್ಷದಿಂದಲೂ ನಿಂತರು. ತಮ್ಮನ ಹೆಂಡತಿಗೂ ಭಾವನಿಗೂ ನಡೆದ ಈ ಸ್ಪರ್ಧೆಯಲ್ಲಿ ಆಕೆ ಎರಡನೆಯವರಾದರು, ಅವರು ಮೂರನೆಯವರಾದರು. ಗೆಲವು ಕಾಂಗ್ರೆಸ್ಸಿನ ಶ್ರೀ ನಾರಾ ಭರತ್ ರೆಡ್ಡಿಯವರದಾಯಿತು. ಮರುವರ್ಷ, 2024ರ ಮಾರ್ಚ್ ತಿಂಗಳಲ್ಲಿ, ಹೊಸ ಪಕ್ಷವು ಹಳೆಯದರಲ್ಲಿ ವಿಲೀನವಾಯಿತು.

ಇದಕ್ಕೆ ಕಾನೂನು ಅಡ್ಡಬಾರದೇ ಎಂದು ಗೃಹಿಣಿಯೊಬ್ಬರು ನನ್ನನ್ನು ಕೇಳಿದರು. 1985ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು ಪಕ್ಷಾಂತರವನ್ನು ನಿಷೇಧಿಸುತ್ತದೆ. ಪಕ್ಷೇತರನಾಗಿ ಗೆದ್ದವನು ಬಳಿಕ ಪಕ್ಷವೊಂದನ್ನು ಸೇರಿದರೆ ಸದಸ್ಯತ್ವವನ್ನು ಕಳೆದುಕೊಳ್ಳುವನು. ಆದರೆ ಪಕ್ಷವೇ ಇನ್ನೊಂದರಲ್ಲಿ ವಿಲೀನವಾದರೆ, ಅದರ ಶಾಸಕರಲ್ಲಿ ಮೂರರಲ್ಲೆರಡು ಪಾಲು ಜನರ ಸಮ್ಮತಿಯಿದ್ದಲ್ಲಿ ದೋಷವಿಲ್ಲ. ಒಬ್ಬನೇ ಶಾಸಕನಿರುವ ಪಕ್ಷದಲ್ಲಿ ಒಬ್ಬನ ಸಮ್ಮತಿಯೇ ಸರ್ವಸಮ್ಮತಿಯಲ್ಲವೇ! ಹೀಗೆ ಹಳೆಯ ಪಕ್ಷವನ್ನು ಬೇಡವೆಂದು ಕೊಟ್ಟ ಮತವೂ ಆ ಪಕ್ಷದ ಮನೆಗೇ ಹೋಗಿ ಸೇರಬಹುದು.

ಹಾಗೆಂದು ಹೊರಗಿನಿಂದ ಬಂದವರೆಲ್ಲರೂ ಒಳಗೆ ಹೋಗಿಯೇ ತೀರುವರೆಂದಲ್ಲ. 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹದಲ್ಲಿ ದುಡಿದ ಶ್ರೀ ಶಾಂತವೇರಿ ಗೋಪಾಲಗೌಡರು, 1952ರಲ್ಲಿ ಚಿಕ್ಕದಾದ ಸಮಾಜವಾದಿ ಪಕ್ಷದಿಂದ ನಿಂತು, ಪ್ರಬಲವಾದ ಕಾಂಗ್ರೆಸ್ಸನ್ನು ಸಾಗರ-ಹೊಸನಗರದಲ್ಲಿ ಸೋಲಿಸಿದರು. ನಿಷ್ಠುರವಾದ ಮಾತು ಅವರದು. 1957ರಲ್ಲಿ ಸೋತರು, 1962ರಲ್ಲಿಯೂ 1967ರಲ್ಲಿಯೂ ಗೆದ್ದರು. 1972ರಲ್ಲಿ ತೀರಿಕೊಳ್ಳುವವರೆಗೂ ಆಳುವ ಪಕ್ಷದ ಬಾಗಿಲನ್ನು ತಟ್ಟಲಿಲ್ಲ. ಅವರು ಹೊರಗಿದ್ದುದು ತತ್ತ್ವಕ್ಕಾಗಿ, ಸ್ಥಾನ ತಪ್ಪಿತೆಂದಲ್ಲ.

ಜೋರಾಗಿ ನುಡಿಯುವವನನ್ನು ಕಂಡರೆ ನಮಗೆ ಸಂತೋಷವಾಗುವುದು ಸಹಜ. ನಾವು ಹೇಳಲಾರದ್ದನ್ನು ಅವನು ಹೇಳುತ್ತಾನೆ. ಆದರೆ ಮನೆಗೆ ಹೆಣ್ಣು ಕೇಳಲು ಬಂದವರ ಮಾತಿಗೇ ಮರುಳಾಗದೆ ಮನೆತನವನ್ನು ವಿಚಾರಿಸುವ ತಾಯಂದಿರು ನಮ್ಮವರು. ಅದೇ ವಿವೇಕವನ್ನು ಮತ ಕೇಳಲು ಬಂದವನಲ್ಲಿಯೂ ತೋರಿಸಬೇಕು. “ಅಪ್ಪಾ, ನೀನು ಹೊರಗೆ ಬಂದುದೇಕೆ? ಗೆದ್ದ ಮೇಲೆ ನಮ್ಮ ಮತವನ್ನು ಎತ್ತ ಕೊಂಡೊಯ್ಯುವೆ?” ಎಂದು ಬಾಗಿಲಲ್ಲಿಯೇ ಕೇಳಿರಿ. ಉತ್ತರ ಕೊಡಲು ತಡವರಿಸಿದರೆ, ಹಕ್ಕಿಗೆ ಹಳೆಯ ಮರದ ನೆನಪು ಬಂದಿದೆಯೆಂದು ತಿಳಿಯಿರಿ.