ನೆಟ್ ಹೋದಾಗ ಮಾತ್ರ ನೆನಪಾಗುವ ಲ್ಯಾಬ್ ಸಾರ್

ದಾವಣಗೆರೆ: ಬೆಣ್ಣೆದೋಸೆಗೆ ಎಷ್ಟು ಹೆಸರೋ, ಶಾಲೆ ಕಾಲೇಜುಗಳಿಗೂ ಈ ಊರಿಗೆ ಅಷ್ಟೇ ಹೆಸರು. ಮೇ ತಿಂಗಳು ಬಂತೆಂದರೆ ಸಾಕು, ಗೋಡೆಯ ಮೇಲೆ, ಆಟೋ ಬೆನ್ನಿನ ಮೇಲೆ ಒಂದೇ ಹಾಡು: ಸ್ಮಾರ್ಟ್ ಕ್ಲಾಸ್ ಇದೆ, ಕಂಪ್ಯೂಟರ್ ಲ್ಯಾಬ್ ಇದೆ, ಮೂಲೆಮೂಲೆಗೂ ಸಿ.ಸಿ. ಕ್ಯಾಮರಾ ಇದೆ. ಇರಲಿ, ಸಂತೋಷ. ಇಷ್ಟನ್ನೆಲ್ಲ ನಡೆಸುವವರು ಯಾರು ಸ್ವಾಮಿ? ಆ ವಿಷಯ ಮಾತ್ರ ಯಾವ ಬೋರ್ಡಿನಲ್ಲೂ ಕಾಣುವುದಿಲ್ಲ.

ನಡೆಸುವವರೊಬ್ಬರು ಇದ್ದಾರೆ. ಮಕ್ಕಳ ಬಾಯಲ್ಲಿ ಅವರು ‘ಲ್ಯಾಬ್ ಸಾರ್’. ಮುಖ್ಯೋಪಾಧ್ಯಾಯರಿಗೆ ‘ನಮ್ಮ ಕಂಪ್ಯೂಟರ್ ಹುಡುಗ’. ಕಿವಿ ಮೇಲಿನ ಕೂದಲು ನರೆತರೂ ಹುಡುಗನೇ! ನೇಮಕದ ಕಾಗದದಲ್ಲಿ ‘ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್’ ಎಂದು ಉದ್ದನೆಯ ಹೆಸರು. ಸಂಬಳದ ಪಟ್ಟಿಯಲ್ಲಿ ಗುಮಾಸ್ತರ ಕೆಳಗೆ, ಬಸ್ ಡ್ರೈವರನ ಮೇಲೆ. ಮೇಷ್ಟರ ಕೋಣೆಯಲ್ಲಿ ಇವರಿಗೆ ಕುರ್ಚಿಯಿಲ್ಲ, ಆಫೀಸಿನಲ್ಲಿ ಮೇಜಿಲ್ಲ. ಯು.ಪಿ.ಎಸ್. ಬ್ಯಾಟರಿ ಇಟ್ಟ ಕೋಣೆಯೇ ಗತಿ.

ಊರಿನ ಒಂದು ಖಾಸಗಿ ಶಾಲೆಯಲ್ಲಿ ಇಂಥದೇ ಕೋಣೆಯಲ್ಲಿ 11 ವರ್ಷ ಕೂತವರೊಬ್ಬರು ಈಗ ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ. ಹೆಸರು ಬೇಡ. ಹೆಸರು ಹಾಕಿದರೆ ಇರುವ ಕೆಲಸಕ್ಕೂ ಸಂಚಕಾರ. ಅವರು ಹೋದರೆ ನಷ್ಟ ಯಾರಿಗೆ ಎಂಬ ಲೆಕ್ಕವನ್ನು ಅವರಿಗಿಂತ ಮೊದಲು ಶಾಲೆಯವರು ಹಾಕಬೇಕಿತ್ತು. ಹಾಕಿದ ಹಾಗೆ ಕಾಣುವುದಿಲ್ಲ.

ಬಾಗಿಲು ನಂಬರು, ಬಸ್ ಸ್ಟ್ಯಾಂಡು

ಇವರ ಕೆಲಸ ಎಂದರೆ ‘ಕಂಪ್ಯೂಟರ್ ರಿಪೇರಿ’ ಎಂದು ಬಹಳ ಜನರ ತಿಳಿವಳಿಕೆ. ಅದು ನಾಲ್ಕಾಣೆ ಪಾಲು ಮಾತ್ರ. ಶಾಲೆಯ ನೆಟ್‌ವರ್ಕ್ ಒಂದು ಸಣ್ಣ ಪೇಟೆ ಇದ್ದ ಹಾಗೆ. ಲ್ಯಾಬಿನ 40 ಕಂಪ್ಯೂಟರು, ಫೀಸು ಕಟ್ಟುವ ಕೌಂಟರು, ಪ್ರಿಂಟರು, ಸ್ಮಾರ್ಟ್ ಬೋರ್ಡು, ಕ್ಯಾಮರಾ, ಬೆರಳೊತ್ತುವ ಹಾಜರಿ ಯಂತ್ರ, ಪ್ರತಿಯೊಂದಕ್ಕೂ ಒಂದು ಬಾಗಿಲು ನಂಬರು ಬೇಕು. ಅದಕ್ಕೆ ಐ.ಪಿ. ವಿಳಾಸ ಎನ್ನುತ್ತಾರೆ. ಒಂದೇ ನಂಬರು ಎರಡು ಮನೆಗೆ ಬಿತ್ತೋ, ಅಂಚೆಯವನು ತಬ್ಬಿಬ್ಬು, ಕೆಲಸ ಕೆಟ್ಟಿತು. ತಂತಿಗಳೆಲ್ಲ ಬಂದು ಸೇರುವ ‘ಸ್ವಿಚ್’ ಎಂಬ ಪೆಟ್ಟಿಗೆಯೇ ಬಸ್ ಸ್ಟ್ಯಾಂಡು. ಯಾವ ಬಸ್ಸು ಯಾವ ದಾರಿಗೆ ಎಂದು ನೋಡಿಕೊಳ್ಳುವುದು ಅದರ ಪಾಲು. ಹೊರಗಿನ ಇಂಟರ್‌ನೆಟ್‌ಗೆ ದಾರಿ ಬಿಡುವ ‘ರೌಟರ್’ ಊರ ಹೆಬ್ಬಾಗಿಲು. ಮಕ್ಕಳು ನೋಡಬಾರದ್ದು ಒಳಗೆ ನುಗ್ಗದಂತೆ ತಡೆಯುವ ‘ಫೈರ್‌ವಾಲ್’ ಆ ಬಾಗಿಲಿನ ಕಾವಲುಗಾರ.

ತಂತಿಯ ಕೆಲಸವೂ ಸುಲಭದ್ದಲ್ಲ. ಒಂದು ಕೇಬಲ್ಲಿನೊಳಗೆ ಎಂಟು ಎಳೆ, ಎರಡೆರಡಾಗಿ ಹೆಣೆದ ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಗೊತ್ತಾದ ಸರದಿಯಲ್ಲಿ ಜೋಡಿಸಿ ತುದಿಗೆ ಪ್ಲಾಸ್ಟಿಕ್ ಪ್ಲಗ್ ಒತ್ತಬೇಕು. ಒಂದು ಎಳೆ ಅದಲು ಬದಲಾದರೂ ಮೊದಲಿಂದ ಮಾಡಬೇಕು. ಈ ತಾಮ್ರದ ಕೇಬಲ್ಲಿಗೆ 100 ಮೀಟರೇ ಗಡಿ. ಹಿಂದಿನ ಕಟ್ಟಡ 130 ಮೀಟರು ದೂರ ಇದ್ದರೆ ನಡುವೆ ಇನ್ನೊಂದು ಸ್ವಿಚ್ ಇಡಬೇಕು, ಇಲ್ಲವೇ ಗಾಜಿನೆಳೆಯ ಫೈಬರ್ ಹಾಕಬೇಕು. ಇದನ್ನು ಕಮಿಟಿಯವರಿಗೆ ಹೇಳಲು ಹೋದರೆ, ‘ಇನ್ನೊಂದ್ ಮೂವತ್ ಮೀಟರ್ ವೈರ್ ಜೋಡ್ಸಿಬಿಡಪ್ಪ, ಅದೇನ್ ದೊಡ್ಡ ವಿಷ್ಯ’ ಎಂಬ ಉತ್ತರ.

ಇದರ ಮೇಲೆ ಇಲಿ, ಗೆದ್ದಲು, ಸಿಡಿಲು. ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಏಪ್ರಿಲ್‌ನ ಒಂದು ಗುಡುಗು ಮಳೆ ಸಾಕು, ಸ್ವಿಚ್ಚು ಸುಟ್ಟು ಕೂತಿರುತ್ತದೆ. ಯು.ಪಿ.ಎಸ್. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹೊಯ್ಯುವವರೂ ಇವರೇ.

‘ಸ್ವಲ್ಪ ನೋಡ್ಕೊಡಿ ಸಾರ್’

ಬೆಳಗ್ಗೆ ಎಂಟಕ್ಕೆ ಮೊದಲ ಫೋನು: ‘ಸಾರ್, ನೆಟ್ ಇಲ್ಲ.’ ಮೂರು ಮಹಡಿ ಹತ್ತಿ ಹೋದರೆ ಎಷ್ಟೋ ಸಲ ಪ್ಲಗ್ಗೇ ಹಾಕಿರುವುದಿಲ್ಲ. ಇಳಿದು ಬರುವಷ್ಟರಲ್ಲಿ ಆಫೀಸಿನಿಂದ ಕೂಗು: ಪ್ರಿಂಟರು ಕಾಗದ ನುಂಗಿದೆ, ಫೀಸು ಕಟ್ಟಲು ಬಂದವರು ಸಾಲು ನಿಂತಿದ್ದಾರೆ. ಮಧ್ಯಾಹ್ನ ಸರ್ಕಾರದ ಎಸ್.ಎ.ಟಿ.ಎಸ್. ಮತ್ತು ಯು-ಡೈಸ್ ಪ್ಲಸ್ ಜಾಲತಾಣಗಳಿಗೆ ಮಕ್ಕಳ ವಿವರ ತುಂಬುವ ಪಾಳಿ. ಅದು ಇವರ ಕೆಲಸವಲ್ಲ. ಆದರೆ ‘ಕಂಪ್ಯೂಟರ್‌ದು ತಾನೆ’ ಎಂದು ಬಂದು ಬೀಳುತ್ತದೆ.

ಸಂಜೆ ಬಿಟ್ಟಿ ಕೆಲಸ. ಮೇಡಂ ಮೊಬೈಲಿನಿಂದ ಹೊಸ ಮೊಬೈಲಿಗೆ ನಂಬರು ವರ್ಗ ಮಾಡಬೇಕು. ಸೆಕ್ರೆಟರಿಯವರ ಮನೆ ವೈಫೈ ಮಹಡಿಗೆ ಸಿಗುತ್ತಿಲ್ಲ. ‘ಸ್ವಲ್ಪ ನೋಡ್ಕೊಡಿ ಸಾರ್’ ಎಂಬ ಮಾತಿಗೆ ರೇಟು ಕಟ್ಟಲು ಬರುವುದಿಲ್ಲ. ಅಂಗಡಿ ಇಟ್ಟವರಿಗೆ ಈ ಸಂಕಟ ಚೆನ್ನಾಗಿ ಗೊತ್ತು: ಉದ್ರಿ ಗಿರಾಕಿಯನ್ನಾದರೂ ಕೇಳಬಹುದು, ಧಣಿಯನ್ನು ಕೇಳುವುದು ಹೇಗೆ?

ಬೇಸಿಗೆ ರಜೆ? ಅದು ಮೇಷ್ಟರಿಗೆ. ತರಗತಿ ಖಾಲಿ ಇದ್ದಾಗಲೇ ಕೇಬಲ್ ಎಳೆಯಬೇಕಲ್ಲ! ಭಾನುವಾರ ಶಾಲೆಯೇ ಯಾವುದೋ ಪರೀಕ್ಷೆಯ ಕೇಂದ್ರವಾದರೆ ಕ್ಯಾಮರಾ ನೋಡಿಕೊಳ್ಳಲು ಇವರು ಇರಲೇಬೇಕು. ಬದಲಿ ರಜೆಯ ಮಾತು ಎತ್ತುವವರಿಲ್ಲ.

ಕೆಲಸ ಬೆಳೆಯಿತು, ಕುರ್ಚಿ ಬೆಳೆಯಲಿಲ್ಲ

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರು ಕಾಲಿಟ್ಟಿದ್ದು ನಿನ್ನೆ ಮೊನ್ನೆಯಲ್ಲ. 1984-85ರಲ್ಲೇ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟಿತ್ತು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಬಂತು. ಕಲಿಸುವ ಕೆಲಸ ಖಾಸಗಿ ಸಂಸ್ಥೆಗಳ ಗುತ್ತಿಗೆಗೆ ಹೋಯಿತು. ಯಂತ್ರಕ್ಕೆ ದುಡ್ಡು, ಮನುಷ್ಯನಿಗೆ ಗುತ್ತಿಗೆ: ಈ ರಿವಾಜು ಅಂದಿನಿಂದಲೂ ಬಿಟ್ಟಿಲ್ಲ.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಪಾಠವೆಲ್ಲ ಮೊಬೈಲಿಗೆ ಬಂತು. ಆ ದಿನಗಳಲ್ಲಿ ಲ್ಯಾಬ್ ಸಾರ್ ದೇವರ ಸಮಾನ. ಬಾಗಿಲು ತೆರೆದ ಮೇಲೆ ದೇವರು ಮತ್ತೆ ಬ್ಯಾಟರಿ ಕೋಣೆಗೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಪರೀಕ್ಷಾ ಕೊಠಡಿಯ ದೃಶ್ಯವನ್ನು ಅಧಿಕಾರಿಗಳು ದೂರದಲ್ಲಿ ಕೂತೇ ನೋಡುವಂತಾಯಿತು. ಅಂಥ ಹೊತ್ತಿನಲ್ಲಿ ಕ್ಯಾಮರಾ ಕೈಕೊಟ್ಟರೆ ಮೊದಲ ಕೂಗು ಯಾರ ಮೇಲೆ ಎಂದು ಹೇಳಬೇಕಾಗಿಲ್ಲ.

2025ರ ಜುಲೈನಲ್ಲಿ ಸಿ.ಬಿ.ಎಸ್.ಇ. ತನ್ನ ಶಾಲೆಗಳಿಗೆ ಧ್ವನಿ ಸಮೇತ ದಾಖಲಿಸುವ ಕ್ಯಾಮರಾ ಕಡ್ಡಾಯ ಮಾಡಿ, ಕನಿಷ್ಠ 15 ದಿನದ ದಾಖಲೆ ಇಟ್ಟಿರಬೇಕು ಎಂದಿತು. ಮಕ್ಕಳ ರಕ್ಷಣೆಗೆ ಒಳ್ಳೆಯದೇ. ಆದರೆ ಲೆಕ್ಕ ನೋಡಿ: ಒಂದು ಕ್ಯಾಮರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ಹಗಲಿರುಳು ಬರೆದರೆ ದಿನಕ್ಕೆ 21 ಗಿಗಾಬೈಟ್ ದಾಟುತ್ತದೆ. 30 ಕ್ಯಾಮರಾ, 15 ದಿನ ಎಂದರೆ ಹತ್ತಿರ ಹತ್ತಿರ 10 ಟೆರಾಬೈಟ್. ಅದನ್ನು ಇಡುವ ಡಿಸ್ಕು ತುಂಬಿತೋ, ಕೆಟ್ಟಿತೋ ಎಂದು ದಿನಾ ನೋಡುವವರು ಒಬ್ಬರು ಬೇಕು.

ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ‘ಓಡ್ತಾ ಐತಲ್ಲ, ಮತ್ಯಾಕೆ ಖರ್ಚು?’ ಎಂದು ಕಮಿಟಿ. ಓಡುವುದೇನೋ ಓಡುತ್ತದೆ, ಬ್ರೇಕಿಲ್ಲದ ಬಸ್ಸೂ ಇಳಿಜಾರಿನಲ್ಲಿ ಓಡುತ್ತದೆ. ಮಕ್ಕಳ ಆಧಾರ್ ನಂಬರು, ತಂದೆ ತಾಯಿಯ ಫೋನು, ವಿಳಾಸ ಎಲ್ಲವೂ ಅದೇ ನೆಟ್‌ವರ್ಕಿನಲ್ಲಿವೆ. ಇಂಥ ಮಾಹಿತಿಯನ್ನು ಕಾಯದೆ ಕೈಚೆಲ್ಲಿದವರಿಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೂ ದಂಡ ಬರೆದಿದೆ.

ಬೆಂಗಳೂರಿನ ಕರೆ

ಕೂತು ಕೂತು ಬೇಸತ್ತ ಈ ಗೃಹಸ್ಥರಿಗೆ ಬೆಂಗಳೂರಿನ ಒಂದು ಕಂಪನಿಯಿಂದ ಕರೆ ಬಂದಿದೆ. ಇಲ್ಲಿ ಕೈಗೆ 22,000, ಅಲ್ಲಿ 38,000. ಕೇಳಿದವರೆಲ್ಲ ‘ಹೋಗ್ಬಿಡ್ರೀ’ ಅನ್ನುವವರೇ. ಮನೆಯಲ್ಲಿ ಕಾಗದ ಪೆನ್ಸಿಲ್ ಹಿಡಿದು ಕೂತಾಗ ಬೇರೆ ಲೆಕ್ಕ. ಹೆಚ್ಚಾಗುವ 16,000ದಲ್ಲಿ ಬಾಡಿಗೆಗೇ 13,000 ಹೋಯಿತು. ಇಲ್ಲಿ ಇರುವುದು ಹಿರಿಯರ ಮನೆ. ಮಗಳು ಇದೇ ಶಾಲೆಯಲ್ಲಿ ಏಳನೇ ತರಗತಿ, ಸಿಬ್ಬಂದಿ ಮಕ್ಕಳೆಂದು ಅರ್ಧ ಫೀಸು. ಅಲ್ಲಿ ಪೂರ್ತಿ ಫೀಸು, ಮೇಲೆ ಡೊನೇಷನ್. ಕೆಲಸವೂ ರಾತ್ರಿ ಪಾಳಿ; ಅಮೆರಿಕದ ಹಗಲು ಅಂದರೆ ನಮ್ಮ ಇರುಳು. ಇಲ್ಲಿ ತಂತಿಯಿಂದ ಹಿಡಿದು ಸರ್ವರ್‌ವರೆಗೆ ಎಲ್ಲ ಬಲ್ಲವರು ಅಲ್ಲಿ ಹೋಗಿ ಒಂದೇ ಬಗೆಯ ದೂರು ಬಿಡಿಸುತ್ತ ಕೂರಬೇಕು.

ಮೂರನೆಯ ದಾರಿಯೂ ಇದೆ. ಊರಿನಲ್ಲೇ ಆಸ್ಪತ್ರೆಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಮನೆಮನೆಗೆ ಇಂಟರ್‌ನೆಟ್ ಕೊಡುವವರಿದ್ದಾರೆ. ಅಲ್ಲೂ ಇದೇ ವಿದ್ಯೆ ಬೇಕು. ಆದರೆ ಅವರು ಕೇಳುವುದು ಸರ್ಟಿಫಿಕೇಟು. ಸಿಸ್ಕೊ ಕಂಪನಿಯ ಸಿ.ಸಿ.ಎನ್.ಎ. ಪರೀಕ್ಷೆಗೆ ಶುಲ್ಕ 300 ಡಾಲರ್. ರೂಪಾಯಿ ಮಾಡಿದರೆ ಇವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಪಾಸಾದರೂ ಮೂರೇ ವರ್ಷ ಊರ್ಜಿತ. ರಾತ್ರಿ ಊಟವಾದ ಮೇಲೆ ಆ ಓದು ನಡೆದಿದೆ.

ಇರುವುದೋ ಹೋಗುವುದೋ ಎಂಬ ಪ್ರಶ್ನೆ ದಾವಣಗೆರೆಗೆ ಹೊಸದಲ್ಲ. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಊರು ಇದು. ಕೊನೆಯ ಸೈರನ್ ಕೂಗುವವರೆಗೂ ಕಾದವರ ಪಾಡು ಇವರ ತಂದೆಯದು. ಅದಕ್ಕೇ ಕಾಯುವುದಕ್ಕೆ ಮಗನಿಗೆ ಭಯ.

ಬಿಡುವ ಮುಂಚೆ ನೋಡಬೇಕಾದ್ದು

ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿ ಬಂದರೆ ನಷ್ಟ ತನಗೇ. ಐದು ವರ್ಷ ಬಿಡದೆ ದುಡಿದವರಿಗೆ ಗ್ರಾಚ್ಯುಟಿ ಹಕ್ಕು. ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷದಿಂದ ಗುಣಿಸಬೇಕು. ಇವರದು 15,600. ಭಾಗಿಸಿದರೆ 600, ಹದಿನೈದು ದಿನಕ್ಕೆ 9,000, ಹನ್ನೊಂದು ವರ್ಷಕ್ಕೆ 99,000 ರೂಪಾಯಿ. ಬಿಟ್ಟ 30 ದಿನದೊಳಗೆ ಕೊಡಬೇಕು. ಹತ್ತು ಜನ ದುಡಿಯುವ ಅಂಗಡಿಗೂ ಇದೇ ಲೆಕ್ಕ ಎಂಬುದನ್ನು ಪೇಟೆಯವರು ಮರೆಯಬಾರದು.

ಪಿ.ಎಫ್. ಹಣವನ್ನು ಆಸೆಗೆ ಬಿದ್ದು ತೆಗೆಯಬಾರದು. 12 ಅಂಕಿಯ ಯು.ಎ.ಎನ್. ನಂಬರು ಒಂದೇ, ಹೊಸ ಕಡೆಗೆ ವರ್ಗಾಯಿಸಿಕೊಳ್ಳಬಹುದು. ಪಿಂಚಣಿ ಯೋಜನೆಯಲ್ಲಿ 10 ವರ್ಷ ತುಂಬಿದವರಿಗೆ 58ರ ನಂತರ ತಿಂಗಳ ಪಿಂಚಣಿಯ ಹಕ್ಕಿದೆ. ಮೂಲ ಅಂಕಪಟ್ಟಿ ಶಾಲೆಯ ಬೀರುವಿನಲ್ಲಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ನೋಟಿಸು ಎಷ್ಟು ದಿನದ್ದು ಎಂದು ನೇಮಕದ ಕಾಗದ ನೋಡಬೇಕು. ಅನುಭವದ ಪತ್ರ ಕೈಗೆ ಬಂದ ಮೇಲೆಯೇ ಹೊಸ್ತಿಲು ದಾಟಬೇಕು.

ತಲೆಯೊಳಗಿರುವುದು ಕಾಗದಕ್ಕೆ ಬರಲಿ

ಈಗ ಆಡಳಿತ ಮಂಡಳಿಗಳಿಗೆ ಒಂದು ಮಾತು. ಯಾವ ತಂತಿ ಯಾವ ಗೋಡೆಯೊಳಗೆ ಹೋಗಿದೆ, ಯಾವ ಪೆಟ್ಟಿಗೆಗೆ ಯಾವ ಪಾಸ್‌ವರ್ಡು, ಫೀಸಿನ ಲೆಕ್ಕದ ನಕಲು ಎಲ್ಲಿದೆ, ಇಂಟರ್‌ನೆಟ್ ಬಿಲ್ಲು ಎಂದಿಗೆ ಮುಗಿಯುತ್ತದೆ, ಇವೆಲ್ಲ ಎಷ್ಟೋ ಶಾಲೆಯಲ್ಲಿ ಒಬ್ಬನೇ ಮನುಷ್ಯನ ತಲೆಯಲ್ಲಿವೆ. ಆತ ಹೋದ ಮರುದಿನ ಕರೆಸುವ ಮೆಕ್ಯಾನಿಕ್ ಮೊದಲು ಹೇಳುವ ಮಾತು, ‘ಎಲ್ಲಾ ಕಿತ್ತು ಹೊಸದಾಗಿ ಹಾಕ್ಬೇಕು.’ ಆ ಬಿಲ್ಲಿನ ಮುಂದೆ ಇವರು ಕೇಳುತ್ತಿದ್ದ ಸಂಬಳ ಏರಿಕೆ ಎಷ್ಟರದು!

ಇವರು ಕೇಳುವುದೂ ದೊಡ್ಡದೇನಲ್ಲ. ಗುಮಾಸ್ತರ ಸಾಲಿನಿಂದ ತೆಗೆದು ತಾಂತ್ರಿಕ ಹುದ್ದೆ ಎಂದು ಬರೆದು, ವರ್ಷಾವರ್ಷ ಬಡ್ತಿಗೆ ಒಂದು ಮೆಟ್ಟಿಲು ತೋರಿಸಿ. ಮೇ, ಜೂನ್ ತಿಂಗಳಿಗೆ ಒಬ್ಬ ಡಿಪ್ಲೊಮಾ ಹುಡುಗನನ್ನು ಕೈಕೆಳಗೆ ಕೊಡಿ. ಭಾನುವಾರ ದುಡಿದರೆ ಬದಲಿ ರಜೆ ಕೊಡಿ. ಪರೀಕ್ಷೆ ಶುಲ್ಕ ಶಾಲೆಯೇ ಕಟ್ಟಿ, ‘ಇನ್ನೆರಡು ವರ್ಷ ಇರಪ್ಪ’ ಎಂದು ಕೇಳಿ. ಕೇಳಿದರೆ ಇರುವ ಮನಸ್ಸು ಇನ್ನೂ ಇದೆ.

ಕಂಪನಿಯವರು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಲ್ಯಾಬ್ ಸಾರ್ ಒಂದು ಕೆಲಸ ಶುರು ಮಾಡಿದ್ದಾರೆ. 200 ಪುಟದ ನೋಟ್‌ಬುಕ್ಕಿನಲ್ಲಿ ಶಾಲೆಯ ಪ್ರತಿ ಮಹಡಿಯ ನಕ್ಷೆ, ಪ್ರತಿ ಯಂತ್ರದ ನಂಬರು ಬರೆಯುತ್ತಿದ್ದಾರೆ. ಪಾಸ್‌ವರ್ಡುಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಅಂಟಿಸಿ, ಸಹಿ ಹಾಕಿ ಮುಖ್ಯೋಪಾಧ್ಯಾಯರ ಬೀರುವಿಗೆ ಸೇರಿಸುವ ಏರ್ಪಾಡು. ‘ನಾ ಇದ್ರೂ ಬೇಕು, ಹೋದ್ರೂ ಬೇಕು’ ಎಂಬುದು ಅವರ ಮಾತು. ಮೊನ್ನೆಗೆ ಎರಡನೇ ಮಹಡಿ ಮುಗಿದಿದೆ. ಆಡಳಿತ ಮಂಡಳಿಯ ಮುಂದಿನ ಸಭೆಗೆ ಹೊಸ ಕ್ಯಾಮರಾ ಕೊಳ್ಳುವ ವಿಷಯ ಪಟ್ಟಿಯಲ್ಲಿದೆಯಂತೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ.