ಐವತ್ತು ವರ್ಷಕ್ಕೆ ಎಣ್ಣೆ ಖಾಲಿಯೇ?

ಪ್ರಶ್ನೆ: ಇನ್ನು ಐವತ್ತು ವರ್ಷಕ್ಕೆ ಭೂಮಿಯೊಳಗಿನ ಪೆಟ್ರೋಲಿಯಂ ಮುಗಿದೇಹೋಗುತ್ತದಂತೆ, ನಿಜವೇ?

ಉತ್ತರ: ಲೆಕ್ಕ ಸರಿ, ತೀರ್ಮಾನ ತಪ್ಪು. ಜಗತ್ತಿನ ಖಚಿತ ತೈಲನಿಕ್ಷೇಪ ಸುಮಾರು 1.7 ಲಕ್ಷ ಕೋಟಿ ಬ್ಯಾರೆಲ್. ದಿನದ ಖರ್ಚು ಹತ್ತಿರಹತ್ತಿರ 10 ಕೋಟಿ ಬ್ಯಾರೆಲ್. ಭಾಗಿಸಿದರೆ 47 ವರ್ಷ ಸಿಗುತ್ತದೆ. ಆದರೆ 1980ರಲ್ಲಿ ಇದೇ ಭಾಗಾಕಾರ ಮಾಡಿದ್ದರೆ ಸುಮಾರು 30 ಎಂದು ಬರುತ್ತಿತ್ತು! ಆ ಗಡುವು ದಾಟಿ ಎಷ್ಟೋ ಕಾಲವಾಯಿತು. ‘ಖಚಿತ ನಿಕ್ಷೇಪ’ವೆಂದರೆ ಇಂದಿನ ಬೆಲೆಗೆ, ಇಂದಿನ ತಂತ್ರಕ್ಕೆ ದಕ್ಕುವ ಪಾಲು ಮಾತ್ರ. ಬೆಲೆ ಏರಿದರೆ, ತಂತ್ರ ಸುಧಾರಿಸಿದರೆ ಅದೂ ಹಿಗ್ಗುತ್ತದೆ.

ಅಮೆರಿಕದ ಭೂವಿಜ್ಞಾನಿ ಕಿಂಗ್ ಹಬರ್ಟ್ 1956ರಲ್ಲೇ ಒಂದು ಭವಿಷ್ಯ ನುಡಿದಿದ್ದರು: ತಮ್ಮ ದೇಶದ ತೈಲೋತ್ಪಾದನೆ 1970ರ ಆಸುಪಾಸಿಗೆ ತುದಿ ಮುಟ್ಟಿ ಇಳಿಯುತ್ತದೆ. ಹಾಗೆಯೇ ಆಯಿತು. ಆಮೇಲೆ ಶೇಲ್ ಎಂಬ ಪದರಗಲ್ಲಿನೊಳಗೆ ಅಡ್ಡಡ್ಡ ಕೊರೆದು, ನೀರು ಮತ್ತು ಮರಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಬಿರುಕು ಬಿಡಿಸಿ ಎಣ್ಣೆ ತೆಗೆಯುವ ವಿದ್ಯೆ ಕೈಗೂಡಿತು. 2018ರಲ್ಲಿ ಅಮೆರಿಕ ತನ್ನ 1970ರ ದಾಖಲೆಯನ್ನೇ ಮುರಿಯಿತು. ಪಾಪ, ಹಬರ್ಟ್ ಅದನ್ನು ನೋಡಲಿಲ್ಲ, 1989ರಲ್ಲೇ ತೀರಿಕೊಂಡಿದ್ದರು.

ಹಾಗೆಂದು ಎಣ್ಣೆ ಅಕ್ಷಯವೇನಲ್ಲ. ಅದು ಹುಟ್ಟಲು ಕೋಟ್ಯಂತರ ವರ್ಷ ಬೇಕು. ಸುಲಭದ ಬಾವಿಗಳು ಬತ್ತಿದಂತೆ ಆಳಸಮುದ್ರಕ್ಕೆ ಇಳಿಯಬೇಕು, ಖರ್ಚು ಏರುತ್ತದೆ. ತೆಗೆಯುವ ವೆಚ್ಚ ಮಾರುವ ಬೆಲೆಯನ್ನು ಮೀರಿದಾಗ ಉಳಿದದ್ದನ್ನು ನೆಲದಲ್ಲೇ ಬಿಡುತ್ತಾರೆ. ಆದ್ದರಿಂದ ಕೊನೆಯ ಹನಿಯವರೆಗೆ ಯಾರೂ ತೆಗೆಯಲಾರರು. ನಮಗೆ ಹತ್ತಿರದ ಚಿಂತೆ ಬೇರೆಯೇ ಇದೆ: ಭಾರತ ಬಳಸುವ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರದೇಶಗಳಿಂದಲೇ ಬರಬೇಕು.