ಸ್ವಂತ ವೃದ್ಧಾಪ್ಯದ ಗ್ರಹಿಕೆ

ಸ್ವಂತ ವೃದ್ಧಾಪ್ಯದ ಗ್ರಹಿಕೆ ಎಂದರೆ ವ್ಯಕ್ತಿಯು ತನ್ನ ಮುಪ್ಪಿನ ಬಗ್ಗೆ ಹೊಂದಿರುವ ನಂಬಿಕೆ ಹಾಗೂ ಮನೋಭಾವ. ಇದಕ್ಕೂ ಆಯುಷ್ಯಕ್ಕೂ ಇರುವ ಸಂಬಂಧದ ಕುರಿತು ಬಹಳವಾಗಿ ಉಲ್ಲೇಖಗೊಳ್ಳುವ ಅಧ್ಯಯನವನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದರು.

ಓಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ 1975ರಲ್ಲಿ ಆರಂಭವಾದ ಸಮೀಕ್ಷೆಯೊಂದರಲ್ಲಿ 50 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರನ್ನು, ವರ್ಷಗಳು ಕಳೆದಂತೆ ಬದುಕು ಹದಗೆಡುತ್ತಿದೆಯೇ, ತಾವು ನಿರುಪಯುಕ್ತರಾಗುತ್ತಿದ್ದೇವೆ ಎನಿಸುತ್ತಿದೆಯೇ ಎಂಬಂಥ ಪ್ರಶ್ನೆಗಳನ್ನು ಕೇಳಲಾಗಿತ್ತು. ಅವರಲ್ಲಿ 660 ಮಂದಿಯ ಉತ್ತರಗಳನ್ನು ಲೆವಿ ತಂಡವು ಮುಂದಿನ 23 ವರ್ಷಗಳವರೆಗಿನ ಮರಣ ಮಾಹಿತಿಯೊಡನೆ ಹೋಲಿಸಿತು. ಮುಪ್ಪನ್ನು ಸಕಾರಾತ್ಮಕವಾಗಿ ಕಂಡವರು, ಮಧ್ಯಾಂಕದ ಲೆಕ್ಕದಲ್ಲಿ, ಉಳಿದವರಿಗಿಂತ 7.5 ವರ್ಷ ಹೆಚ್ಚು ಬದುಕಿದ್ದರು.

ಅನಾರೋಗ್ಯವಿದ್ದವರೇ ನಿರಾಶರಾಗಿದ್ದು, ಆ ಅನಾರೋಗ್ಯದಿಂದಲೇ ಬೇಗ ತೀರಿಕೊಂಡಿರಬಹುದಲ್ಲವೇ ಎಂಬುದು ಇಲ್ಲಿ ಏಳುವ ಮುಖ್ಯ ಆಕ್ಷೇಪ. ವಯಸ್ಸು, ಲಿಂಗ, ಸಾಮಾಜಿಕ-ಆರ್ಥಿಕ ಸ್ಥಿತಿ, ಒಂಟಿತನ, ದೈನಂದಿನ ಕೆಲಸಗಳನ್ನು ಮಾಡಿಕೊಳ್ಳುವ ದೈಹಿಕ ಸಾಮರ್ಥ್ಯ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ ಈ ಸಂಬಂಧ ಉಳಿಯಿತು. ಬದುಕುವ ಇಚ್ಛೆಯು ಅದನ್ನು ಭಾಗಶಃ ಮಾತ್ರ ವಿವರಿಸಿತು. ಆದರೂ ಇದು ಪ್ರಯೋಗವಲ್ಲ, ಒಂದೇ ಪಟ್ಟಣದ ಜನರನ್ನು ಆಧರಿಸಿದ ವೀಕ್ಷಣೆ. ಆದ್ದರಿಂದ 7.5 ವರ್ಷ ಎಂಬ ಅಂಕಿಯನ್ನು, ಮನೋಭಾವ ಬದಲಿಸಿಕೊಂಡ ಯಾರಿಗಾದರೂ ದೊರೆಯುವ ಖಚಿತ ಲಾಭವೆಂದು ಓದುವುದು ಸರಿಯಲ್ಲ.